ಮೆಷಿನ್ ನಿಂತ ಮೇಲೆ ಹೇಳಿದ ಪದ

ಅರ್ಲೀನ್ ಅಕ್ಕಾ,

ಇವತ್ತು ಕಾರ್ತಿಕ ಸೋಮವಾರ, ಉಪವಾಸ ಇದ್ದೇನೆ. ಬೆಳಿಗ್ಗೆ ಎದ್ದು ತಣ್ಣೀರಲ್ಲಿ, ಅಲ್ಲ, ಶಿವನ ಮುಂದೆ ಸುಳ್ಳು ಯಾಕೆ, ಬಿಸಿನೀರಲ್ಲೇ ಮಿಂದು ದೀಪ ಹಚ್ಚಿದೆ. ಹೊಸಿಲು ಒರೆಸಿ ಎರಡೆಳೆ ರಂಗೋಲಿ ಬಿಟ್ಟೆ. ಯಜಮಾನರ ಹೋಟೆಲಿನ ಅಡುಗೆಕೋಟುಗಳನ್ನು ನೆನೆಹಾಕಿ, ಬಾಲ್ಕನಿಯ ಹಿಮ ಗುಡಿಸಿದೆ. ಇಷ್ಟಾದರೂ ಹೊರಗೆ ಬೆಳಕು ಹರಿದಿರಲಿಲ್ಲ. ಹೊಟ್ಟೆ ಖಾಲಿಯಿದ್ದರೆ ಕಿವಿ ಚುರುಕು ಅಂತ ನಮ್ಮವ್ವ ಹೇಳುತ್ತಿದ್ದಳು. ಅದಕ್ಕೇ ಇರಬೇಕು, ಮೇಲಿನ ನಿಮ್ಮ ಮನೆಯಲ್ಲಿ ಇವತ್ತೂ ಕುರ್ಚಿ ಎಳೆದ ಸದ್ದು ಕೇಳಿಸಿತು. ನೀವು ಹೋಗಿ ತಿಂಗಳಾಗುತ್ತ ಬಂತು. ಬೀಗ ಹಾಕಿದ ಮನೆಯಲ್ಲಿ ಕುರ್ಚಿ ಎಳೆಯುವವರು ಯಾರಕ್ಕ?

ನಾವಿಬ್ಬರೂ ಆಡುತ್ತಿದ್ದದ್ದು ಸ್ವೀಡಿಷ್. ನನ್ನದು ವಲಸೆ ಬಂದವರ ಶಾಲೆಯಲ್ಲಿ ಕಲಿತ ಹರಕು ಸ್ವೀಡಿಷ್, ನಿಮ್ಮದು ಅಮೆರಿಕದ ಎಳೆತ ಬಿಡದ ಸ್ವೀಡಿಷ್. ಈಗ ನೀವಿರುವ ಕಡೆ ಭಾಷೆಯ ತೊಡಕು ಇರಲಾರದು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ನಿಮ್ಮನ್ನು ಕಂಡದ್ದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲ ಮನೆಯವರೂ ಸರದಿಯ ಮೇಲೆ ಬಟ್ಟೆ ಒಗೆಯುವ ಕೋಣೆಯಲ್ಲಿ. ನನ್ನ ಸರದಿ ಮುಗಿಯುತ್ತ ಬಂದಿತ್ತು. ಮೆಷಿನ್ ಗುರ್ರೆಂದು ತಿರುಗುತ್ತಿತ್ತು, ನಾನು ಅದರ ಸದ್ದಿನ ಹಿಂದೆ ನಿಂತು ಪದ ಹೇಳುತ್ತಿದ್ದೆ. ನೀವು ಯಾವಾಗ ಬಂದು ಬಾಗಿಲಲ್ಲಿ ನಿಂತಿರೋ ಗೊತ್ತಿಲ್ಲ. ಮೆಷಿನ್ ನಿಂತಿತು, ನಾನೂ ನಿಂತೆ.

"ಯಾಕೆ ನಿಲ್ಲಿಸಿದೆ?" ಅಂದಿರಿ.

"ಮೆಷಿನ್ ನಿಂತಿತಲ್ಲ."

ನೀವು ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ನನಗೆ ನಗು ಬರಲಿಲ್ಲ. ನಮ್ಮವ್ವ ರಾಗಿ ಬೀಸುವಾಗ ಹೇಳುತ್ತಿದ್ದ ಪದ ಅದು. ಬೀಸುಕಲ್ಲು ತಿರುಗುವಷ್ಟು ಹೊತ್ತು ಹೆಂಗಸರು ಹಾಡಬಹುದು. ಜಗಲಿಯಲ್ಲಿ ಕೂತ ಗಂಡಸರಿಗೆ ಕೇಳುವುದು ಕಲ್ಲಿನ ಸದ್ದು. ಕಲ್ಲು ನಿಂತ ಮೇಲೂ ಹಾಡುವವಳನ್ನು ಊರಲ್ಲಿ ಏನಂತ ಕರೆಯುತ್ತಿದ್ದರು ಅಂತ ನಿಮಗೆ ಹೇಳಲು ಸ್ವೀಡಿಷಿನಲ್ಲಿ ನನಗೆ ಮಾತು ಬರಲಿಲ್ಲ. ಆದರೂ ನಿಮಗೆ ತಿಳಿಯಿತು. "ನಮ್ಮಜ್ಜಿ ಬಿಳಿಯರ ಮನೆಯ ಬಟ್ಟೆ ಉಜ್ಜುತ್ತ ಹಾಡುತ್ತಿದ್ದಳು. ಉಜ್ಜುವ ಸದ್ದು ನಿಂತರೆ ಅವಳ ಬಾಯಿಯೂ ಬಂದ್" ಅಂದಿರಿ. ಅಷ್ಟು ದೂರದ ಇಬ್ಬರು ಮುದುಕಿಯರಿಗೆ ಒಂದೇ ಬುದ್ಧಿಯನ್ನು ಹೇಳಿಕೊಟ್ಟವರು ಯಾರು?

ನಿಮ್ಮನ್ನು ಅಮ್ಮಾ ಅಂದದ್ದಕ್ಕೆ ಬೈಸಿಕೊಂಡ ದಿನ ನೆನಪಾಗುತ್ತದೆ. "ಸ್ಟೇಜಿನ ಮೇಲೆ ನನಗಿನ್ನೂ ಮೂವತ್ತೆಂಟು, ಗೊತ್ತಾ? ಬೇರೇನಾದರೂ ಕರಿ." ಹಾಗೆ ನೀವು ಅಕ್ಕ ಆದಿರಿ. ಮೆಷಿನ್ ತಿರುಗುವಾಗ ನನ್ನ ದುಪ್ಪಟಿಯ ಇನ್ನೊಂದು ತುದಿ ಹಿಡಿದು ಮಡಿಸುತ್ತ, ಅವ್ವನ ಪದಕ್ಕೆ ಜೊತೆಗೂಡಿ ಗುನುಗುವುದನ್ನೂ ಕಲಿತಿರಿ. ನಾನು ಮಾಡಿದ ಉಪ್ಪಿಟ್ಟು ಬಾಯಿಗಿಟ್ಟು, ನಿಮ್ಮಜ್ಜಿ ಕಾಸುತ್ತಿದ್ದ ಮೆಕ್ಕೆಜೋಳದ ರವೆಯ ಗಂಜಿ ಇದೇ ಅಂತ ಕಣ್ಣೊರೆಸಿಕೊಂಡಿರಿ. ಆಮೇಲೆ, "ಬೆಣ್ಣೆ ಮಾತ್ರ ಕಮ್ಮಿ" ಅಂದಿರಿ!

ಅವತ್ತೇ ನಿಮ್ಮ ಗೋಡೆಯ ಫೋಟೋ ತೋರಿಸಿದ್ದು. ಹಸಿರು ಮಿಂಚಿನ ಗೌನು, ಮೊಣಕೈವರೆಗೆ ಬಿಳಿ ಕೈಗವಸು, ಎತ್ತಿದ ಗದ್ದ. ನಿಮ್ಮ ದೇಶದ ದೊಡ್ಡ ಹೋಟೆಲಿನಲ್ಲಿ ನೀವು ಹಾಡಿದರೆ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರಂತೆ. ಆದರೆ ಅಲ್ಲಿ ಕೂತು ಒಂದು ತುತ್ತು ಉಣ್ಣುವ ಹಾಗಿಲ್ಲ, ಬರುವುದೂ ಹೋಗುವುದೂ ಅಡುಗೆಮನೆ ಬಾಗಿಲಲ್ಲಿ. ಕರಿಯ ಮೈ ಅಂತ. ನಮ್ಮೂರ ಗುಡಿಯಲ್ಲೂ ದೇವರ ಮುಂದೆ ಚೆನ್ನಾಗಿ ಹಾಡುವವರು ಅಂಗಳದ ಆಚೆಯೇ ನಿಂತು ಹಾಡುತ್ತಿದ್ದರು. ನಾನು ಒಳಗೆ ಕೂತು ಕೇಳಿ, ಕೈ ಮುಗಿದು ಮನೆಗೆ ಬರುತ್ತಿದ್ದೆ. ನಿಮ್ಮ ಫೋಟೋ ನೋಡುವವರೆಗೆ ಅವರು ಊಟಕ್ಕೆ ಎಲ್ಲಿ ಕೂರುತ್ತಿದ್ದರು ಅಂತ ನಾನು ಯೋಚಿಸಿದವಳಲ್ಲ.

ಸ್ಟಾಕ್‌ಹೋಮಿಗೆ ಬಂದ ಮೊದಲ ಸಂಜೆ ನೀವು ಮಂಜಿನಲ್ಲಿ ಥಿಯೇಟರನ್ನು ಸುತ್ತಿ ಸುತ್ತಿ ಅಡುಗೆಮನೆ ಬಾಗಿಲು ಹುಡುಕಿದ್ದನ್ನು ಹೇಳಿದಿರಲ್ಲ, ಅದು ನನ್ನ ಎದೆಯಿಂದ ಹೋಗುವುದೇ ಇಲ್ಲ. ಮಾಲೀಕ ಓಡಿ ಬಂದು ಮುಂಬಾಗಿಲು ತೆರೆದು ಹಿಡಿದನಂತೆ. ನೀವು ಒಳಗೆ ಹೋಗದೆ ಹಿಂದೆ ಯಾರು ಬರುತ್ತಿದ್ದಾರೆ ಅಂತ ತಿರುಗಿ ನೋಡಿದಿರಂತೆ. ಆ ಬಾಗಿಲು ದಾಟಿ ಹೋದವರೇ ಆಮೇಲೆ ಈ ದೇಶದ ಟೀವಿಯಲ್ಲಿ ಬಂದಿರಿ, ಪೋಸ್ಟರುಗಳಲ್ಲಿ ನಿಂತಿರಿ. ಇಲ್ಲಿಯ ಪೇಪರಿನವರು ಹೊಗಳುವಾಗಲೂ ಕಾಡುಪ್ರಾಣಿಗೆ ಹೋಲಿಸಿ ಬರೆದದ್ದನ್ನು ನೀವು ಮುಚ್ಚಿಡಲಿಲ್ಲ. "ಬಾಗಿಲು ಮುಂದಿನದೇ ಆಯ್ತು, ಒಳಗೆ ಕೂತವರ ಕಣ್ಣು ಮಾತ್ರ..." ಅಂತ ಅರ್ಧಕ್ಕೇ ಬಿಟ್ಟಿರಿ. ಕೇಳಿದ್ದರೆ ಪೂರ್ತಿ ಮಾಡುತ್ತಿದ್ದಿರೋ ಏನೋ.

ಕೊನೆಯ ಸಲ, ಆಸ್ಪತ್ರೆಗೆ ಹೋಗುವ ಮುಂಚೆ, ಅದೇ ಕೋಣೆಯಲ್ಲಿ ದುಪ್ಪಟಿ ಮಡಿಸುತ್ತ ಹೇಳಿದಿರಿ: "ನಾನು ಹೋದ ಮೇಲೆ ನನ್ನ ಪೆಟ್ಟಿಗೆಯ ಮುಂದೆ ನನ್ನದೇ ಹಳೇ ರೆಕಾರ್ಡು ಹಾಕಿಬಿಡುತ್ತಾರೆ. ಬೇಡ. ಯಾರಾದರೂ ಬಾಯಿ ಬಿಟ್ಟು ಹಾಡಲಿ, ಮೆಷಿನ್ ಇಲ್ಲದೆ." ಹೇಳಿ ನನ್ನ ಮುಖವನ್ನೇ ನೋಡಿದಿರಿ. ನಾನು "ಸೋಪು ಮುಗೀತು, ತರ್ತೀನಿ" ಅಂತ ಮೇಲೆ ಬಂದುಬಿಟ್ಟೆ.

ನೀವು ಹೋದ ಸುದ್ದಿ ಬಂತು. ಹನ್ನೊಂದನೆಯ ದಿನ ಬಾಲ್ಕನಿಯಲ್ಲಿ ನಿಮಗೆ ಎಡೆ ಇಟ್ಟೆ. ಉಪ್ಪಿಟ್ಟು, ಬೆಣ್ಣೆ ಹೆಚ್ಚಾಗಿಯೇ ಹಾಕಿದ್ದೆ. ಹಾಲಿಲ್ಲದ ಕಾಫಿ, ದಾಲ್ಚಿನ್ನಿಯ ಬನ್ನು. ಯಜಮಾನರು ಗೊಣಗಿದರು.

"ಅಲ್ಲ ಕಣೆ, ಆಯಮ್ಮ ಚರ್ಚಿನವರು. ಅವರಿಗ್ಯಾಕೆ ಕಾಗೆ ಎಡೆ?"

"ಹಸಿವಿಗೆ ಚರ್ಚು ಬೇರೆ, ಗುಡಿ ಬೇರೆ ಏನ್ರೀ?"

"ಅದು ಬಿಡು. ಮಣ್ಣೇ ಆಗಿಲ್ವಂತೆ ಇನ್ನೂ. ಪೆಟ್ಟಿಗೆ ಶೈತ್ಯಾಗಾರದಲ್ಲಿದೆ. ಈ ದೇಶದಲ್ಲಿ ಎಲ್ಲ ನಿಧಾನ. ಇನ್ನೂ ಎರಡು ವಾರ ಹಿಡಿಯುತ್ತೆ."

ಅಕ್ಕಾ, ನಮ್ಮಲ್ಲಿ ಹೋದವರನ್ನು ಅವತ್ತೇ ಕಳಿಸಿಕೊಡುತ್ತೇವೆ. ಮಣ್ಣಾಗದ ಜೀವಕ್ಕೆ ಎಡೆ ಇಟ್ಟುಬಿಟ್ಟೆನಲ್ಲ! ಇಲ್ಲೂ ಇಲ್ಲ, ಅಲ್ಲೂ ಇಲ್ಲ ಅಂತ ನೀವು ಬಾಗಿಲು ಹುಡುಕುತ್ತ ಮಂಜಿನಲ್ಲಿ ಸುತ್ತುತ್ತಿದ್ದರೆ?

ಕಾಗೆಯೇನೋ ಬಂತು. ಇಲ್ಲಿಯದರ ತಲೆ, ರೆಕ್ಕೆ ಕಪ್ಪು, ಮೈ ಬೂದಿ ಬಣ್ಣ, ವಿಭೂತಿ ಬಳಿದುಕೊಂಡ ಹಾಗೆ. ಕಂಬಿಯ ಮೇಲೆ ಕೂತು ನೋಡಿತು, ಮುಟ್ಟಲಿಲ್ಲ. ನಮ್ಮ ಕಡೆ ಕಾಗೆ ಎಡೆ ಮುಟ್ಟದಿದ್ದರೆ ಹೋದವರ ಆಸೆ ಏನೋ ಉಳಿದಿದೆ ಅಂತ ಅರ್ಥ. ಉಳಿದವರು ಅದನ್ನು ನೆರವೇರಿಸುತ್ತೇವೆ ಅಂತ ಬಾಯಿ ಬಿಟ್ಟು ಮಾತು ಕೊಡಬೇಕು. ನಾನು ಬಾಲ್ಕನಿ ಬಾಗಿಲ ಹಿಂದೆ ನಿಂತು ಹೇಳಿದೆ: ನಿಮ್ಮ ಹೂಕುಂಡಗಳಿಗೆ ನೀರು ಹಾಕ್ತೀನಿ ಅಕ್ಕ. ಕಾಗೆ ಮುಟ್ಟಲಿಲ್ಲ. ನಿಮ್ಮ ಹಸಿರು ಗೌನನ್ನು ಹಳೇಬಟ್ಟೆಯವರಿಗೆ ಹೋಗಲು ಬಿಡೋದಿಲ್ಲ. ಮುಟ್ಟಲಿಲ್ಲ.

ಹಿಂದಿನಿಂದ ಯಜಮಾನರು, "ಸ್ವೀಡಿಷಿನಲ್ಲಿ ಹೇಳೆ, ಅದಕ್ಕೆ ಕನ್ನಡ ಬರ್ತದಾ?" ಅಂದರು. ನಗು ಅಳು ಒಟ್ಟಿಗೇ ಬಂತು. ಏನು ಹೇಳಬೇಕು ಅಂತ ನನಗೆ ಗೊತ್ತಿತ್ತಲ್ಲ ಅಕ್ಕ, ಗೊತ್ತಿದ್ದೇ ಹೂಕುಂಡ, ಗೌನು ಅಂತ ಸುತ್ತುತ್ತಿದ್ದೆ.

"ಹಾಡ್ತೀನಿ" ಅಂದೆ. "ಪೆಟ್ಟಿಗೆ ಮುಂದೆ. ಮೆಷಿನ್ ಇಲ್ಲದೆ."

ಕಾಗೆ ಇಳಿದು ಬಂದು ಮೊದಲು ಬನ್ನಿಗೇ ಬಾಯಿ ಹಾಕಿತು. ನಿಮ್ಮದೇ ಬುದ್ಧಿ.

ನಿಮಗೆ ಗೊತ್ತಿರದ ಸುದ್ದಿ ಈಗ ಹೇಳುತ್ತೇನೆ. ಮೊನ್ನೆ ಶುಕ್ರವಾರ ಸ್ಮಶಾನದ ಚಿಕ್ಕ ಚರ್ಚಿನಲ್ಲಿ ನಿಮ್ಮನ್ನು ಕಳಿಸಿಕೊಟ್ಟರು. ಬಂದದ್ದು ಹತ್ತಾರು ಜನ, ಹೆಚ್ಚಿನವರು ನಿಮ್ಮ ಜೊತೆ ನುಡಿಸಿದ ಮುದುಕರು. ಒಬ್ಬೊಬ್ಬರೇ ಹೋಗಿ ಪೆಟ್ಟಿಗೆಯ ಮೇಲೆ ಹೂವಿಟ್ಟು ಬರುವುದು ಇಲ್ಲಿಯ ಪದ್ಧತಿ. ನನ್ನ ಸರದಿ ಬಂತು. ಹೂವಿಟ್ಟೆ, ವಾಪಸು ಬರಲಿಲ್ಲ. ಎಷ್ಟು ನಿಶ್ಶಬ್ದ ಅಂದರೆ, ಮೇಣದಬತ್ತಿ ಉರಿಯುವುದೂ ಕೇಳುತ್ತಿತ್ತು. ಕಲ್ಲಿಲ್ಲ, ಮೆಷಿನ್ ಇಲ್ಲ, ಮರೆಯಾಗಲು ಏನೇನೂ ಇಲ್ಲ. ಸೆರಗು ಬಿಗಿ ಹಿಡಿದು ಅವ್ವನ ಪದ ಶುರು ಮಾಡಿದೆ. ನನ್ನ ಗಂಟಲು ಅಷ್ಟು ದೊಡ್ಡದು ಅಂತ ಐವತ್ತು ವರ್ಷ ನನಗೇ ಗೊತ್ತಿರಲಿಲ್ಲ. ಯಜಮಾನರು ಕೊನೆಯ ಬೆಂಚಿನಲ್ಲಿ ಎದ್ದು ನಿಂತಿದ್ದರು.

ಮೂರನೆಯ ಸೊಲ್ಲಿಗೆ ನಿಂತುಬಿಟ್ಟೆ. ಮುಂದಿನ ಸಾಲು ಬರಲೇ ಇಲ್ಲ. ಆಗ ನನ್ನ ಎಡಗಡೆಯಿಂದ ಅದರ ರಾಗವನ್ನು ಯಾರೋ ಬಾಯಿ ಮುಚ್ಚಿಕೊಂಡು ಗುನುಗಿದರು. ಕೆಳಗಿನ ಸ್ಥಾಯಿಯಲ್ಲಿ, ಸ್ವಲ್ಪ ತಡೆದು ತಡೆದು. ನನ್ನ ದುಪ್ಪಟಿಯ ಇನ್ನೊಂದು ತುದಿ ಹಿಡಿದು ನೀವು ಗುನುಗುತ್ತಿದ್ದ ಹಾಗೆ. ಅದರ ಮೇಲೆ ಕಾಲಿಟ್ಟುಕೊಂಡು ನಾನು ಪದ ಮುಗಿಸಿದೆ. ತಿರುಗಿ ನೋಡಿದರೆ ಎಡಗಡೆ ಗೋಡೆ, ಅಷ್ಟೇ. ಯಜಮಾನರು ಕೇಳಿಸಲಿಲ್ಲ ಅನ್ನುತ್ತಾರೆ. ಮುದುಕರು ಯಾರೂ ಬಾಯಿ ತೆರೆದಿರಲಿಲ್ಲವಂತೆ. ಆ ರಾಗ ಈ ದೇಶದಲ್ಲಿ ಗೊತ್ತಿದ್ದದ್ದು ಇಬ್ಬರಿಗೆ.

ಬಟ್ಟೆ ಒಗೆಯುವ ಕೋಣೆಯ ಬಾಗಿಲಲ್ಲಿ, ಎಲ್ಲರೂ ತಮ್ಮ ಬೀಗ ಸಿಕ್ಕಿಸಿ ಸರದಿ ಹಿಡಿಯುವ ಹಲಗೆಯಲ್ಲಿ, ಗುರುವಾರ ಬೆಳಗಿನ ನಿಮ್ಮ ಸರದಿಯ ಮೇಲೆ ನಿಮ್ಮ ಪುಟ್ಟ ಬೀಗ ಇನ್ನೂ ಹಾಗೇ ಇದೆ. ಯಾರೂ ತೆಗೆದಿಲ್ಲ. ಆ ಹೊತ್ತಿಗೆ ನಾನು ಸುಮ್ಮನೆ ಕೆಳಗೆ ಹೋಗಿ, ಮೆಷಿನ್ ಹಾಕದೆ, ಒಂದು ಪದ ಹೇಳಿ ಬರುತ್ತೇನೆ. ಇದು ಮಾತು. ಆದರೆ ಇದೊಂದು ತಿಳಿಯದೆ ನನಗೆ ಸಮಾಧಾನವಿಲ್ಲ: ನಿಮಗೆ ಮುಂಬಾಗಿಲು ಸಿಕ್ಕಿ ನೀವು ಒಳಗೆ ಹೋದಿರಾ? ಇಲ್ಲ, ಇನ್ನೂ ಇಲ್ಲೇ, ಆ ಕುರ್ಚಿಯಲ್ಲಿ...

ಬೂದಿ ಮೈಯ ಕಾಗೆ ಈಗಲೂ ಕಂಬಿಯ ಮೇಲಿದೆ. ಕಾಗೆಯಪ್ಪಾ, ನನಗೆ ಉಪವಾಸವಾದರೂ ನಿನಗೆ ಬನ್ನು ಇಟ್ಟಿದ್ದೇನೆ. ತಿಂದು ಹೋಗಿ, ಅಕ್ಕ ಏನಂದಳು ಅಂತ ಕೇಳಿಕೊಂಡು ಬಾ.