ಅಪ್ಪನ ಶರ್ಟಿನ ಪಿನ್ನು

ಮಾರ್ಚ್ 3, ಸೋಮವಾರ

ಪುಸ್ತಕದ ಕಟ್ಟುಗಳು ಬಂದವು. ಈ ಸಲದ ವಿಷಯ ‘ಪ್ರಕೃತಿ ಮತ್ತು ಸಾಹಸ’. ಮೂರರಿಂದ ಆರು ವರ್ಷದವರಿಗೆ. ಬರೆದವರ ಹೆಸರು ಕಾಣದ ಹಾಗೆ ಅಟೆಂಡರ್ ಎಂದಿನಂತೆ ಎಲ್ಲದಕ್ಕೂ ಕಂದು ಕಾಗದ ಅಂಟಿಸಿಟ್ಟಿದ್ದಾನೆ. ಹೆಸರು ನೋಡಿ ಮಣೆ ಹಾಕಬಾರದು ಎಂದು ನಮ್ಮ ಲೈಬ್ರರಿಯ ನಿಯಮ. ಆರಿಸಿದ್ದೆಲ್ಲ ಊರಿನ ಶಿಶುವಿಹಾರಗಳಿಗೆ ಹೋಗುತ್ತದೆ. ಮೊದಲ ಜರಡಿ ನನ್ನದು.

ಬೆಳಗಿನಿಂದ ಓದಿದ್ದು: ಕರಡಿ ಕಾಡಿಗೆ ಹೋಯಿತು, ಮನೆಗೆ ಬಂತು, ಕೈ ತೊಳೆಯಿತು. ಮೊಲ ಗುಡ್ಡಕ್ಕೆ ಹೋಯಿತು, ಬಂತು, ಕೈ ತೊಳೆಯಿತು. ಕೈ ಕೊಳೆಯಾದದ್ದು ಯಾವಾಗ, ಹೇಗೆ ಎಂದು ಒಬ್ಬ ಪುಣ್ಯಾತ್ಮನೂ ಬರೆದಿಲ್ಲ. ಸಾಹಸವಂತೆ. ಸೋಪಿನ ಜಾಹೀರಾತು.

ಮಗಳು ಚೋಟಿಯನ್ನು ಕೆಳಗಿನ ಅಕ್ಕನ ಮನೆಯಿಂದ ಕರೆತರುವಾಗ ಅಕ್ಕ ಕೇಳಿದಳು, “ಏನೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ?” ಪುಸ್ತಕ ಓದಿದೆ ಎಂದೆ.

ಮಾರ್ಚ್ 5, ಬುಧವಾರ

ಸಮಿತಿ ಸಭೆ. ಲೈಬ್ರರಿಯ ದೊಡ್ಡ ಮೇಡಂ, ಮಕ್ಕಳ ಡಾಕ್ಟರು, ರಿಟೈರ್ ಆದ ಮೇಷ್ಟ್ರು, ನಾನು.

ಹುಡುಗಿ ಮರ ಹತ್ತುವ ಪುಸ್ತಕ ಮುಂದಿಟ್ಟೆ. ಡಾಕ್ಟರು ಕನ್ನಡಕ ತೆಗೆದರು.

“ಬಿದ್ರೆ?”

“ಬೀಳಲ್ಲ ಸರ್. ಕೊನೇ ಪುಟದಲ್ಲಿ ಇಳೀತಾಳೆ.”

“ಪುಸ್ತಕದವಳು ಇಳೀತಾಳೆ ಕಣಮ್ಮ. ನೋಡಿ ಹತ್ತಿದ ಮಗು ನನ್ನ ಕ್ಲಿನಿಕ್ಕಿಗೆ ಬರುತ್ತೆ.”

ಅದು ಹೋಯಿತು. ಅಜ್ಜಿಯೂ ಮೊಮ್ಮಗಳೂ ಬೆಟ್ಟ ಹತ್ತುವ ಪುಸ್ತಕ. ಚಿತ್ರಗಳು ಎಷ್ಟು ಚೆಂದ — ಗಾಳಿಯೇ ಪುಟದಿಂದ ಬೀಸುತ್ತಿತ್ತು. “ಅಜ್ಜಿ ಕಾಲು ಉಳುಕಿದ್ರೆ ಮಗು ಗತಿ ಏನು? ಜವಾಬ್ದಾರಿಯವರು ಯಾರಾದ್ರೂ ಜೊತೆಗೆ ಬೇಡ್ವಾ?” ಎಂದರು ಡಾಕ್ಟರೇ. ಅದೂ ಹೋಯಿತು. ಹಾವಿನ ಪುಸ್ತಕಕ್ಕೆ ಮೇಷ್ಟ್ರು, “ಹಾವು ಇರ್ಲಿ, ಆದ್ರೆ ಹಾವಿನಿಂದ ಒಂದು ನೀತಿ ಬರ್ಲಿ” ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವವರನ್ನು ನೋಡಿದ್ದೇನೆ. ಇವರಿಗೆ ಹಾವೂ ಬೇಡ, ಕೋಲೂ ಬೇಡ.

ದೊಡ್ಡ ಮೇಡಂ ಚಹಾ ತರಿಸಿದರು. ಕುಡಿದೆ. ಬೇರೆ ಏನು ಮಾಡಲಿ.

ಮಾರ್ಚ್ 8, ಶನಿವಾರ

ಚಾಪೆ ಪರೀಕ್ಷೆ. ಚಾಪೆ ಹಾಸಿ, ಮಕ್ಕಳನ್ನು ಕೂರಿಸಿ, ಓದುವುದು. ಮುಗಿದ ಮೇಲೆ ನಾವು ಏನೂ ಕೇಳುವ ಹಾಗಿಲ್ಲ. ಮಗು ತಾನಾಗಿ “ಇನ್ನೊಂದ್ಸಲ” ಎಂದರೆ ಪುಸ್ತಕ ಪಾಸು. ಇಷ್ಟು ವರ್ಷಗಳಲ್ಲಿ ನಾನು ನಂಬಿರುವ ತೀರ್ಪು ಇದೊಂದೇ.

ಬೀಜದ ಕಥೆಗೆ ಇಬ್ಬರು ನಿದ್ದೆ ಹೋದರು. ಮೋಡದ ಕಥೆಗೆ ಒಬ್ಬ ಉಚ್ಚೆ ಮಾಡಿಕೊಂಡ. ಕರಡಿಯ ಕಥೆ ಮುಗಿಯುವ ಮೊದಲೇ ಒಬ್ಬಳು ಎದ್ದು ಕೈ ತೊಳೆಯಲು ಹೋದಳು. ಇದನ್ನು ಯಶಸ್ಸು ಅನ್ನಬೇಕೋ ಏನೋ.

ಮಾರ್ಚ್ 9, ಭಾನುವಾರ

ಚೋಟಿಯ ಅಪ್ಪ ಫೋನ್ ಮಾಡಿದ. ಭಾನುವಾರ ಸಂಜೆ ತಪ್ಪಿಸುವುದಿಲ್ಲ. ಬಿಟ್ಟುಹೋಗಿ ಎರಡು ವರ್ಷವಾಯಿತು — ಫೋನಿನಲ್ಲಿ ಮಾತ್ರ ಬಲು ಶಿಸ್ತು. ಅವಳೊಂದಿಗೆ ಸ್ವಲ್ಪ ಹೊತ್ತು, ಆಮೇಲೆ ನನ್ನೊಂದಿಗೆ.

“ಈ ವಾರ ಏನೇನ್ ಮಾಡಿದ್ಲು? ಏನೂ ಬಿಡದೆ ಹೇಳು.”

ಹೇಳಿದೆ. ಇರುವೆ ಸಾಲಿನ ಹಿಂದೆ ತೆವಳಿ ಮೊಣಕಾಲು ಕೆರೆದುಕೊಂಡದ್ದು. ಗಾಯಕ್ಕೆ ಎಲೆ ಅಂಟಿಸಿಕೊಂಡದ್ದು. ಅವನು “ಆಮೇಲೆ?” ಎನ್ನುತ್ತಾನೆ. ಮತ್ತೆ “ಆಮೇಲೆ?”. ಜೊತೆಗಿದ್ದಾಗ ಒಂದು ಮಾತು ಪೂರ್ತಿ ಕೇಳಿಸಿಕೊಂಡವನಲ್ಲ. ಈಗ ಕೇಳಿಸಿಕೊಳ್ಳುತ್ತಾನೆ ಎಂದು ನನಗೆ ಒಳಗೊಳಗೇ ಒಂದು ಖುಷಿ. ನಾಚಿಕೆಗೇಡು, ಆದರೆ ಖುಷಿಯೇ.

ಅಕ್ಕ ಮೆಟ್ಟಿಲ ಮೇಲೆ ಕೂತಿದ್ದಳು. “ಹೋದವನಿಗೆ ಯಾಕೆ ಇಷ್ಟು ವರದಿ ಒಪ್ಪಿಸ್ತೀಯ?”

“ಅವಳ ಅಪ್ಪ ಅಲ್ವಾ.”

“ಅಪ್ಪ ಆದ್ರೆ ಬಂದು ನೋಡ್ಲಿ. ಕಾಲು ಇದೆ ತಾನೆ?”

ಮಾರ್ಚ್ 12, ಬುಧವಾರ

ತಾನು ಓದದ ಪುಸ್ತಕವನ್ನು ಮಗುವಿಗೆ ಓದಬಾರದು. ಶಿಶುವಿಹಾರದ ಟೀಚರುಗಳಿಗೆ ಪ್ರತಿ ವರ್ಷ ನಾನೇ ಬೋರ್ಡಿನ ಮೇಲೆ ಬರೆದು ಹೇಳುವ ಮಾತು. ಇವತ್ತು ತಲೆನೋವು. ಮನೆಗೆ ತಂದ ಕಟ್ಟಿನಿಂದ ಚೋಟಿ ಒಂದನ್ನು ಎಳೆದುಕೊಂಡು ಮಡಿಲಿಗೆ ಹತ್ತಿದಳು. ಸರಿ ಎಂದು ಬಿಡಿಸಿದೆ.

ಅಪ್ಪ, ಮಗಳು ಹಳ್ಳಕ್ಕೆ ಹೋಗುತ್ತಾರೆ. ಮಗಳ ಕೆಂಪು ಚಪ್ಪಲಿ ನೀರಿನಲ್ಲಿ ತೇಲಿ ಹೋಗುತ್ತದೆ. ಅಪ್ಪ ಮೊಣಕಾಲುದ್ದ ನೀರಿಗಿಳಿದು ಹಿಡಿಯುತ್ತಾನೆ...

ಅಲ್ಲಿಗೇ ನನ್ನ ದನಿ ಸಣ್ಣದಾಯಿತು. ಆದರೂ ಓದಿದೆ. ನಿಲ್ಲಿಸಲು ಬಿಡುತ್ತಾಳೆಯೇ ಅವಳು.

ಟಿಫನ್ ಡಬ್ಬಿಯಲ್ಲಿ ಗೊದಮೊಟ್ಟೆ ಹಿಡಿಯುತ್ತಾರೆ. ಅವಕ್ಕೆ ಹೆಸರಿಟ್ಟು ವಾಪಸು ಬಿಡುತ್ತಾರೆ. ಚಪ್ಪಟೆ ಕಲ್ಲನ್ನು ಎತ್ತಿದರೆ ಅಡಿಯಲ್ಲಿ ಒಂದೇ ಕೊಂಡಿಯ ಏಡಿ. ಮಗಳು ಕೇಳುತ್ತಾಳೆ, “ಇನ್ನೊಂದು ಕೈ ಎಲ್ಲಿ ಬಿಟ್ಟು ಬಂತು?” ಚಪ್ಪಲಿಯ ಪಟ್ಟಿ ಕಿತ್ತುಹೋಗಿದೆ. ಅಪ್ಪ ತನ್ನ ಶರ್ಟಿನಿಂದ ಪಿನ್ನು ತೆಗೆದು ಸಿಕ್ಕಿಸುತ್ತಾನೆ. ಮನೆಗೆ ಬಂದರೆ ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಟವೆಲ್. ಮುಗಿಯಿತು.

ಹೋದ ವರ್ಷ ಆ ಹಳ್ಳಕ್ಕೆ ಇಳಿದವಳು ನಾನು. ಕಲ್ಲೆತ್ತಿದವಳು ನಾನು — ಉಗುರು ಕಿತ್ತು ವಾರವಿಡೀ ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದೆ. ಪಿನ್ನು ನನ್ನ ಬಳೆಯಲ್ಲಿದ್ದದ್ದು. ಯಾವ ಗಂಡಸಿನ ಶರ್ಟಿನಲ್ಲಿ ಪಿನ್ನು ಇರುತ್ತದೆ? ಹಳ್ಳದ ಹತ್ತಿರ ಅವನು ಕಾಲೇ ಇಟ್ಟಿಲ್ಲ. ಆ ಭಾನುವಾರ ಸಂಜೆ ಫೋನಿನಲ್ಲಿ ಎಲ್ಲ ಹೇಳಿದ್ದೆ. ಆಮೇಲೆ? ಆಮೇಲೆ? ಎಂದಿದ್ದ.

ಚೋಟಿ ಪುಟದ ಮೇಲೆ ಬೆರಳಿಟ್ಟಳು. “ಅಮ್ಮಾ, ಇದು ನಾನು! ಇದು ನನ್ನ ಚಪ್ಪಲಿ! ಇದು ಅಪ್ಪ!”

ನಾನು ಎಲ್ಲಿ ಎಂದು ಕೇಳಿದೆ.

ಟವೆಲ್ ಹಿಡಿದವಳನ್ನು ತೋರಿಸಿದಳು. ಆಮೇಲೆ, “ಇನ್ನೊಂದ್ಸಲ” ಎಂದಳು.

ಮಾರ್ಚ್ 13, ಗುರುವಾರ

ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ. ಆದರೂ ಕಾಗದ ಕಿತ್ತೆ. ಅವನ ಹೆಸರೇ. ಬೇರೆಯವರ ಕಥೆಗೆ ಚಿತ್ರ ಬರೆಯುತ್ತಿದ್ದವನು, ಈಗ ಕಥೆ, ಚಿತ್ರ ಎರಡೂ. ಒಳಪುಟದಲ್ಲಿ ಅರ್ಪಣೆ ಬೇರೆ: ‘ಮಗಳಿಗೆ, ನಾವಿಬ್ಬರೂ ಹೋದ ಹಳ್ಳದ ನೆನಪಿಗೆ.’

ನಾವಿಬ್ಬರೂ!

ಅಕ್ಕನಿಗೆ ತೋರಿಸಿದೆ. ನಿಧಾನವಾಗಿ ಪುಟ ತಿರುಗಿಸಿದಳು. “ಕೈ ಕೆಸರಾಗಿದ್ದು ನಿಂದು, ಬಾಯಿ ಮೊಸರಾಗಿದ್ದು ಅವನದು” ಎಂದಳು. ಟವೆಲಿನ ಚಿತ್ರಕ್ಕೆ ಬಂದು, “ನಿನ್ನನ್ನ ದಪ್ಪ ಬೇರೆ ಮಾಡಿದಾನೆ.”

ನಕ್ಕೆ. ನಗುತ್ತಾ ಅಳು ಬಂತು.

ಮಾರ್ಚ್ 15, ಶನಿವಾರ

ಹೊಸ ಕಾಗದ ಅಂಟಿಸಿ ಚಾಪೆಗೆ ತೆಗೆದುಕೊಂಡು ಹೋದೆ. ಬಚ್ಚಿಡಬಹುದಿತ್ತು. ಬೇಕೆಂದೇ ಸಪ್ಪೆಯಾಗಿ ಓದಿದೆ, ದಿನಸಿ ಚೀಟಿ ಓದುವ ಹಾಗೆ. ಏನೂ ಪ್ರಯೋಜನವಾಗಲಿಲ್ಲ. ಏಡಿಯ ಪುಟಕ್ಕೆ ಹಿಂದೆ ಕೂತಿದ್ದವರೆಲ್ಲ ತೆವಳಿಕೊಂಡು ಮುಂದೆ ಬಂದರು. ಮುಗಿಯಿತು. ಎಲ್ಲರೂ ಒಟ್ಟಿಗೆ, “ಇನ್ನೊಂದ್ಸಲ!”

ಚೆನ್ನಾಗಿದೆ, ಹಾಳಾದವನ ಪುಸ್ತಕ. ಏಡಿಯ ಕಣ್ಣಿನಲ್ಲಿ ಆ ದಿನದ ಭಯವೇ ಇದೆ. ನೀರಿನ ಕೆಳಗೆ ಮಗುವಿನ ಪಾದ ಹೇಗೆ ದೊಡ್ಡದಾಗಿ ಕಾಣುತ್ತದೆ ಎನ್ನುವುದೂ ಇದೆ. ಅದನ್ನೂ ನಾನೇ ಹೇಳಿದ್ದೆ. ಕೆಟ್ಟದಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು.

ಮನೆಯಲ್ಲಿ ಚೋಟಿ ಗೊಂಬೆಯನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತಿದ್ದಳು: “ನಾನು, ನಮ್ಮಪ್ಪ ಹಳ್ಳಕ್ಕೆ ಹೋಗಿದ್ವಿ, ಗೊತ್ತಾ.”

ಮಾರ್ಚ್ 16, ಭಾನುವಾರ

ಕೇಳಿಯೇ ಬಿಟ್ಟೆ. ಚೋಟಿಯನ್ನು ಕೆಳಗೆ ಕಳಿಸಿ.

“ಓ, ಬಂತಾ ಅಲ್ಲಿಗೂ? ಹೇಗಿದೆ?” ಎಂದ. ಮೊದಲ ಮಾತು ಅದು. ಹೇಗಿದೆ.

“ನೀನು ಅಲ್ಲಿ ಇರಲಿಲ್ಲ.”

“ಕಥೆ ಕಣೇ ಅದು. ಕೋರ್ಟಿನ ಸಾಕ್ಷಿ ಅಲ್ಲ.”

“ಹಾಗಾದ್ರೆ ಅಮ್ಮನೇ ಇರಬಹುದಿತ್ತಲ್ಲ ಕಥೆಯಲ್ಲಿ?”

“ಮೊದಲು ಹಾಗೇ ಬರೆದಿದ್ದೆ. ಪ್ರಕಾಶಕರು ಬೇಡ ಅಂದ್ರು. ಅಮ್ಮ ಕರ್ಕೊಂಡು ಹೋದ್ರೆ ಅದು ದಿನಾ ಇರೋದೇ. ಅಪ್ಪ ಕರ್ಕೊಂಡು ಹೋದ್ರೆ ಸಾಹಸ.”

ಅವನೇ ಮತ್ತೆ, ದನಿ ಇಳಿಸಿ, “ನನಗೂ ಅವಳ ಹತ್ರ ಒಂದು ಜಾಗ ಬೇಕಿತ್ತು” ಎಂದ.

“ಜಾಗ ಬೇಕಿದ್ರೆ ಬರಬೇಕಿತ್ತು. ನನ್ನನ್ನ ಎಬ್ಬಿಸಿ ಕೂತ್ಕೊಳ್ಳೋದಲ್ಲ.”

ಫೋನ್ ಇಟ್ಟೆ. ನನಗೆ ಸಿಟ್ಟಿಗಿಂತ ಭಯ. ಅವಳಿಗೆ ಐದು ವರ್ಷ. ಈ ವಯಸ್ಸಿನದು ಎಷ್ಟು ನೆನಪಿರುತ್ತದೆ? ಒಂದೋ ಎರಡೋ ದಿನ. ನನ್ನ ಪಾಲಿಗೆ ಆ ಒಂದು ದಿನ ಇರಲಿ ಎಂದುಕೊಂಡಿದ್ದೆ.

ಮಾರ್ಚ್ 24, ಸೋಮವಾರ

ಒಂದು ವಾರ ಏನೂ ಬರೆಯಲಿಲ್ಲ. ತಯಾರಿಯಲ್ಲಿದ್ದೆ. ಕೊನೆಯ ಸಭೆಗೆ. ಡಾಕ್ಟರಿಗೆ ಏನು ಹೇಳಿದರೆ ಸಾಕು ಎಂದು ಗೊತ್ತಿತ್ತು: ಪಾಚಿಕಟ್ಟಿದ ಕಲ್ಲು, ಹರಿಯುವ ನೀರು, ಬರಿಗಾಲ ಮಗು, ತೆರೆದ ಪಿನ್ನು. ನಾಲ್ಕೇ ಮಾತಿನಲ್ಲಿ ಪುಸ್ತಕ ಮುಳುಗುತ್ತಿತ್ತು. ಕನ್ನಡಿಯ ಮುಂದೆ ಹೇಳಿಯೂ ನೋಡಿಕೊಂಡಿದ್ದೆ.

ಪುಸ್ತಕ ಮೇಜಿಗೆ ಬಂತು. ಬಾಯಿ ತೆರೆದೆ. ಮರ ಹತ್ತಿದ ಹುಡುಗಿ, ಬೆಟ್ಟದ ಅಜ್ಜಿ ನೆನಪಾದರು. ಅವರನ್ನು ಕೊಂದ ಮಾತನ್ನೇ ನಾನೂ ಆಡಬೇಕಿತ್ತು.

“ಬರೆದವರು ಯಾರು ಅಂತ ನನಗೆ ಗೊತ್ತಾಗಿದೆ ಮೇಡಂ. ನಾನು ಇದಕ್ಕೆ ಮಾತಾಡಲ್ಲ” ಎಂದೆ.

ನಿಯಮದ ಪ್ರಕಾರ ಹೊರಗೆ ಹೋಗಬೇಕು. ಕಾರಿಡಾರಿನ ಬೆಂಚಿನಲ್ಲಿ ಕೂತೆ. ಒಳಗಿನಿಂದ ನಗು ಕೇಳಿಸಿತು. ಬಾಗಿಲು ತೆರೆದು ಡಾಕ್ಟರೇ ಕರೆದರು, ಮುಖ ಅರಳಿಸಿಕೊಂಡು.

“ಏನ್ ಪುಸ್ತಕ ಅಮ್ಮ! ಇಂಥಾದ್ದು ತರಬೇಕು ನೀವು.”

“ನೀರಿದೆಯಲ್ಲ ಸರ್ ಅದರಲ್ಲಿ” ಎಂದೆ. ತಡೆಯಲಾಗಲಿಲ್ಲ.

“ಇರ್ಲಿ, ಅಪ್ಪ ಇದಾನಲ್ಲ ಜೊತೆಗೆ! ಪಿನ್ನು ಕೂಡ ಇಟ್ಕೊಂಡಿದಾನೆ ನೋಡಿ ಶರ್ಟಲ್ಲಿ. ಎಂಥಾ ಮುಂದಾಲೋಚನೆ!”

ಮೇಷ್ಟ್ರು ತಲೆಯಾಡಿಸಿದರು. “ಆ ತಾಯಿ ಟವೆಲ್ ಹಿಡ್ಕೊಂಡು ಕಾಯ್ತಾ ನಿಂತಿರೋದು. ಕಣ್ಣಲ್ಲಿ ನೀರು ಬಂತು ನನಗೆ.”

ದೊಡ್ಡ ಮೇಡಂ ಪಟ್ಟಿಗೆ ಅದನ್ನು ಮೊದಲನೆಯದಾಗಿ ಬರೆದುಕೊಂಡರು. ನನ್ನ ಮುಖ ನೋಡಿದರು. ಎಲ್ಲ ಶಿಶುವಿಹಾರಕ್ಕೂ ಹೋಗುತ್ತದೆ ಇನ್ನು. ಚೋಟಿಯದಕ್ಕೂ. ಊರಿನ ಮಕ್ಕಳೆಲ್ಲ ಸೇರಿ ಅವಳಿಗೆ ನೆನಪು ಮಾಡಿಕೊಡುತ್ತಾರೆ.

ಅಕ್ಕ ಬೈದಳು. “ಸತ್ಯವಂತೆ! ನಾಲ್ಕು ಮಾತು ಆಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ಮಾರ್ಚ್ 30, ಭಾನುವಾರ

ಬೆಳಿಗ್ಗೆ ಎದ್ದು ತೀರ್ಮಾನ ಮಾಡಿದೆ. ಮತ್ತೆ ಹೋಗುವುದು. ಅದೇ ಹಳ್ಳ, ಅದೇ ಡಬ್ಬಿ. ಕಾಲು ನೀರಿಗೆ ಬಿದ್ದರೆ ನೆನಪಾಗುತ್ತದೆ ಎಂದು ಆಸೆ. ಬಳೆಗೆ ಬೇಕೆಂದೇ ಪಿನ್ನು ಸಿಕ್ಕಿಸಿಕೊಂಡೆ.

ನೀರು ಕಡಿಮೆಯಾಗಿತ್ತು. ಕಲ್ಲು ಅಲ್ಲೇ ಇತ್ತು. ಚೋಟಿ ಕುಣಿದಳು. “ಇದೇ ಕಲ್ಲು! ಇದೇ!”

“ಆವತ್ತು ಇಲ್ಲಿಗೆ ಯಾರ್ ಯಾರು ಬಂದಿದ್ವಿ, ಹೇಳು?”

“ನಾನು, ಅಪ್ಪ.”

“ನಾನು?”

ನನ್ನನ್ನು ಕನಿಕರದಿಂದ ನೋಡಿದಳು. ನಿಜಕ್ಕೂ ಕನಿಕರ. “ನೀನು ಮನೇಲಿದ್ಯಲ್ಲಮ್ಮ. ಟವೆಲ್ ಇಟ್ಕೊಂಡು. ಬೇಜಾರಾಯ್ತಾ? ಇವತ್ತು ಬಂದ್ಯಲ್ಲ, ಬಾ, ನಾನು ತೋರಿಸ್ತೀನಿ.”

ಕೈ ಹಿಡಿದು ನೀರಿಗೆ ಇಳಿಸಿದಳು. ಜಾರುತ್ತೆ ಹುಷಾರು ಎಂದಳು. ಕಲ್ಲು ಹೇಗೆ ಎತ್ತಬೇಕು ಎಂದು ಹೇಳಿಕೊಟ್ಟಳು — ನಿಧಾನವಾಗಿ, ನಮ್ಮ ಕಡೆಗೆ, ಆಗ ಏಡಿಗೆ ಆಚೆ ಓಡಲು ದಾರಿ ಇರುತ್ತದೆ. ನಾನು ಅವಳಿಗೆ ಕಲಿಸಿದ ಮಾತು, ಒಂದಕ್ಷರ ಬಿಡದೆ. “ಅಪ್ಪ ಹೇಳಿಕೊಟ್ಟಿದ್ದು” ಎಂದಳು.

ಇಲ್ಲ, ನಾನು ಹೇಳಿಕೊಟ್ಟಿದ್ದು ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಅಷ್ಟು ಸಂಭ್ರಮದಲ್ಲಿದ್ದಳು. ಅವಳಿಂದ ಆ ಅಪ್ಪನನ್ನು ಕಿತ್ತುಕೊಳ್ಳಲು ಕೈ ಬರಲಿಲ್ಲ. ಒಳ್ಳೆಯವಳಾದೆ ಎಂದೇನೂ ಅನಿಸುತ್ತಿಲ್ಲ. ಹೊಟ್ಟೆ ಉರಿಯುತ್ತಿದೆ.

ಮನೆಗೆ ಬರುವಾಗ ಫೋನ್ ಹೊಡೆದುಕೊಳ್ಳುತ್ತಿತ್ತು.

“ಏನ್ ಮಾಡಿದ್ರಿ ಇವತ್ತು?” ಎಂದ, ಏನೂ ಆಗಿಲ್ಲವೆಂಬಂತೆ.

“ಏನಿಲ್ಲ. ಮನೇಲೇ ಇದ್ವಿ.”

ಒಂದು ದಿನವಾದರೂ ನನಗೆ ಉಳಿಯಲಿ ಎಂದು ಹೇಳಿದ್ದು. ಚೋಟಿ ಬಾಯಿ ಬಿಟ್ಟುಕೊಂಡು ನನ್ನನ್ನು ನೋಡಿದಳು. “ಸುಳ್ಳು!” ಎಂದು ಫೋನ್ ಕಿತ್ತುಕೊಂಡು ಒದ್ದೆ ಕಾಲಲ್ಲೇ ಒಳಗೆ ಓಡಿದಳು. “ಅಪ್ಪಾ, ಹಳ್ಳಕ್ಕೆ ಹೋಗಿದ್ವಿ! ನಾವು ಆವತ್ತು ಎತ್ತಿದ್ವಲ್ಲ, ಅದೇ ಕಲ್ಲು—”

ಬಾಗಿಲ ತನಕ ಕೇಳಿಸಿತು ಅವನ ದನಿ. “ಹೂಂ. ಆಮೇಲೆ?”

ಎಲ್ಲ ಹೇಳಿದಳು. ಏನೂ ಬಿಡದೆ. ನಾನು ಒಳಗೆ ಹೋಗಲಿಲ್ಲ, ಹೊರಗೂ ಹೋಗಲಿಲ್ಲ. ಅವಳ ಕಾಲು ಒರೆಸೋಣ ಎಂದು ಹಗ್ಗದ ಮೇಲಿಂದ ಏನನ್ನೋ ಎಳೆದುಕೊಂಡಿದ್ದೆ. ಎಷ್ಟೋ ಹೊತ್ತಿನ ಮೇಲೆ ನೋಡಿಕೊಂಡರೆ, ಬಾಗಿಲಲ್ಲಿ ನಿಂತಿದ್ದೇನೆ, ಕೈಯಲ್ಲಿ ಟವೆಲ್—