ಕೆಳಗೇ ಉಳಿದ ಕಿಡ್ನಿ

ಸದಾಶಿವ ಪೇಠ, ಪುಣೆ
೨೦೦೪

ಅಣ್ಣಾ,

ಈ ಪತ್ರ ಅಂಚೆಗೆ ಹಾಕಿದರೂ ನೀವು ಒಡೆಯುವುದಿಲ್ಲ; ಅದಕ್ಕೆ ಹಾಕುವುದಿಲ್ಲ. ಇವತ್ತು ನೀವು ರಿಕ್ಷಾದಲ್ಲೇ ಕುಳಿತಿದ್ದಾಗ ಮೇಲೆ ನನ್ನ ಮಗಳು ಮಾಧುರಿಯ ಕ್ಲಿನಿಕ್ಕಿನಲ್ಲಿ ನಡೆದದ್ದು ಇಷ್ಟು.

ನಿಮ್ಮ ಸೊಸೆ ಸಪ್ನಾಳ ಹೊಟ್ಟೆಯಲ್ಲಿರುವ ಮಗುವಿಗೆ ಒಂದೇ ಕಿಡ್ನಿ ಎಂದು ಬೇರೆ ಕಡೆ ಸ್ಕ್ಯಾನ್ ಮಾಡಿದವರು ಹೇಳಿದ್ದರಲ್ಲ. "ಅಕ್ಕಾ, ಈ ಮಗು ಇಟ್ಕೋಬೇಕೋ ಬ್ಯಾಡೋ, ಅಷ್ಟ ಹೇಳು," ಎಂದು ನಿಮ್ಮ ಮಗ ಸಂಜು ಬಾಗಿಲಲ್ಲೇ ಕೇಳಿದ.

"ಮೊದಲ ಕೂಡು. ನೀ ಹೆದರಿ ಅಕಿನ್ನೂ ಹೆದರಸಬ್ಯಾಡ," ಎಂದಳು ಮಾಧುರಿ.

ನಾನು ಪರದೆಯ ಹೊರಗಿದ್ದೆ. ಇನ್ನೊಂದು ಕಿಡ್ನಿ ಇರಬೇಕಾದ ಜಾಗ ಖಾಲಿಯೇ ಇತ್ತಂತೆ. ಅವಳು ಅಷ್ಟಕ್ಕೇ ಬಿಡದೆ ಸಪ್ನಾಳನ್ನು ಮಗ್ಗುಲಾಗಿಸಿ, ಸ್ವಲ್ಪ ಅಡ್ಡಾಡಿಸಿ, ಮತ್ತೆ ಹುಡುಕಿದಳು.

"ಕಿಡ್ನಿ ಎಲ್ಲೂ ಹೋಗಿಲ್ಲೋ ಸಂಜು. ಮ್ಯಾಲ ಏರಬೇಕಾದದ್ದು ಕೆಳಗ, ಮೂತ್ರಚೀಲದ ಮಗ್ಗಲಾಗ ಕುಂತದ. ಹಿಂಗಿದ್ದವರು ಭಾಳ ಮಂದಿ ಆರಾಮ ಇರ್ತಾರ."

ಸಂಜು ಅತ್ತುಬಿಟ್ಟ. ನನ್ನ ಎದೆ ಉಬ್ಬಿತು. ಮಾಧುರಿಯನ್ನು ಮೆಡಿಕಲ್ಲಿಗೆ ಕಳಿಸಿದಾಗಲೇ ಅಲ್ಲವೇ, ಹೆಣ್ಣಿಗೆ ಅಷ್ಟು ಓದು ಯಾಕೆಂದು ನೀವು ನಮ್ಮ ಮನೆಗೆ ಬರುವುದನ್ನು ಬಿಟ್ಟದ್ದು?

"ದೊಡ್ಡಪ್ಪ ಮ್ಯಾಲ ಬರಲಿಲ್ಲೇನು?" ಎಂದು ಆಮೇಲೆ ಕೇಳಿದಳು.

ಮೊಣಕಾಲು ನೋವು ಎಂದೆ. ಲಿಫ್ಟ್ ಇದೆಯಲ್ಲ ಎಂದು ಅವಳು ಅನ್ನಲಿಲ್ಲ.

ನಿಮ್ಮ ತಮ್ಮ,
ಗೂಳಪ್ಪ