ಎರಡು ಬುಟ್ಟಿಯಗಲದ ಕಂಡಿ

ತೆಂಕಕೋಡಿ,
ಕಡಲು ಒಳಬಂದ ತೊಂಬತ್ತೊಂದನೆಯ ವರ್ಷ,
ಮರಳು ತಿಂಗಳ ಮೂವತ್ತಾರನೆಯ ದಿನ.

ಈ ಕಾಗದ ಯಾರ ಕೈ ಸೇರುತ್ತದೋ ಅವರಿಗೆ ವಾಮನ ಮರಕಾಲನ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ನೀವು ನಕ್ಕಿರಬಹುದು. ನಿಮ್ಮಲ್ಲಿ ವರ್ಷಕ್ಕೆ ಹನ್ನೆರಡೇ ತಿಂಗಳು, ಯಾವ ತಿಂಗಳೂ ಮೂವತ್ತೊಂದು ದಿನ ದಾಟುವುದಿಲ್ಲ ಎಂದು ಓದಿ ಬಲ್ಲೆ. ನಮಗೆ ಮಳೆ ಮುಗಿದ ಮೇಲೆ ಒಂದು ತಿಂಗಳು ಹೆಚ್ಚಿಗೆ ಇದೆ. ಮಳೆಗಾಲದಲ್ಲಿ ಕಡಲು ನಮ್ಮ ದಡದಿಂದ ಕಿತ್ತು ಬಡಗು ಬದಿಗೆ ಒಯ್ದು ಹಾಕಿದ ಮರಳನ್ನು ದೋಣಿಗಳಲ್ಲಿ ತುಂಬಿ ವಾಪಸು ತಂದು ಸುರಿಯುವ ತಿಂಗಳು ಅದು. ಶಾಲೆಗೆ ರಜೆ, ಬಲೆಗೆ ರಜೆ, ಮದುವೆ ಮಾತುಕತೆಗೂ ರಜೆ. ಮರಳು ಮುಗಿದ ಮೇಲೆ ಬರುವ ಅಮಾವಾಸ್ಯೆಯಂದು ಕಡಲ ನೀರಿನ ದೊಡ್ಡ ಇಳಿತಕ್ಕೆ ತಿಂಗಳೂ ಮುಗಿಯಿತು, ವರ್ಷವೂ ಮುಗಿಯಿತು. ಹಾಗಾಗಿ ಒಂದು ವರ್ಷ ಇಪ್ಪತ್ತು ದಿನವಾದರೆ ಇನ್ನೊಂದು ವರ್ಷ ನಲವತ್ತು. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಿಮ್ಮ ಫೆಬ್ರವರಿಯೇ ನಮಗೆ ವಿಚಿತ್ರ.

ಮಾತು ಎಲ್ಲಾದರೂ ಅಪರಿಚಿತವೆನಿಸಿದರೆ ಕ್ಷಮಿಸಬೇಕು. ನಿಮ್ಮವರು ಕನ್ನಡದ ನಡುವೆ ಇಂಗ್ಲಿಷ್ ಸೇರಿಸಿ ಮಾತಾಡುತ್ತಿದ್ದರೆಂದು ಕೇಳಿದ್ದೇನೆ. ನಾನೂ ಕಾಲೇಜಿನಲ್ಲಿ ಎರಡು ವರ್ಷ ಅದನ್ನು ಹಳೆಯ ಭಾಷೆಗಳ ಸಾಲಿನಲ್ಲಿ ಓದಿದವನು. ಪರೀಕ್ಷೆಗೆ ಬಾಯಿಪಾಠ ಮಾಡಿದ ಒಂದು ವಾಕ್ಯ ಈಗಲೂ ನಾಲಗೆಯ ಮೇಲಿದೆ: ದ ಸೀ ವಾಲ್ ಈಸ್ ಬೀಯಿಂಗ್ ಬಿಲ್ಟ್ ಬೈ ದ ಪಂಚಾಯತ್. ಪಾಠದಲ್ಲಿದ್ದ ಎಲ್ಲ ವಾಕ್ಯಗಳಲ್ಲೂ ಆ ಗೋಡೆ ಕಟ್ಟಲಾಗುತ್ತಲೇ ಇತ್ತು, ಒಂದರಲ್ಲೂ ಕಟ್ಟಿ ಮುಗಿದಿರಲಿಲ್ಲ. ಹಾಗಾದರೆ ಅದು ಯಾವಾಗ ಮುಗಿಯಿತು? ಮುಗಿಯಿತೇ? ಇದನ್ನು ನಾನು ಮೇಷ್ಟ್ರಿಗೆ ಕೇಳಿ ಬೆಂಚಿನ ಮೇಲೆ ನಿಂತವನು. ಇಂಥ ಕಡೆ ನನ್ನ ಹೆಂಡತಿ ಕಾಶವ್ವ, "ಅರ್ಧ ತಿಳದದ್ದನ್ನ ಪೂರಾ ಹೇಳಬ್ಯಾಡ್ರಿ, ಕೇಳಾವರು ನಂಬಿಬಿಡ್ತಾರ" ಎನ್ನುತ್ತಿದ್ದಳು. ಅವಳು ಹೋಗಿ ನಾಲ್ಕು ಮಳೆಗಾಲವಾಯಿತು. ತಡೆಯುವವರಿಲ್ಲದೆ ನನ್ನ ಮಾತು ಉದ್ದವಾಗಿದೆ, ಅದನ್ನೂ ಕ್ಷಮಿಸಬೇಕು.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಇಳಿತದ ನೀರಿನೊಂದಿಗೆ ಹಳೆಯ ಕಾಲಕ್ಕೆ ಹೋಗುವ ಟಪಾಲಿಗೆ ನಾವು ಹಾಗೆನ್ನುತ್ತೇವೆ. ಅದು ಹೇಗೆ ಹೋಗುತ್ತದೆಂದು ಕೇಳಬೇಡಿ, ನಿಮ್ಮ ಫೋನು ಹೇಗೆ ಮಾತಾಡುತ್ತದೆಂದು ನಿಮ್ಮಲ್ಲಿ ಎಷ್ಟು ಜನ ಹೇಳಬಲ್ಲಿರಿ? ಯಾರು ಯಾವಾಗ ಸಾಯುತ್ತಾರೆ, ಯಾರು ಗೆಲ್ಲುತ್ತಾರೆ ಎಂದು ಬರೆದರೆ ಅಂಚೆಯವರು ಅಲ್ಲಿಗೇ ಹರಿದು ಹಾಕುತ್ತಾರೆ. ಉತ್ತರ ಬರುವುದಿಲ್ಲ. ಹೆಚ್ಚಿನವರು ಅಜ್ಜನ ಅಜ್ಜನಿಗೆ ಕ್ಷೇಮಸಮಾಚಾರ ಬರೆದು ಸುಮ್ಮನಾಗುತ್ತಾರೆ. ನನಗೆ ನಿಮ್ಮಿಂದ ಒಂದು ಕೆಲಸವಾಗಬೇಕಾಗಿದೆ.

ಅದನ್ನು ಹೇಳುವ ಮೊದಲು ನಮ್ಮ ಊರಿನ ಕ್ರಮ ಹೇಳಬೇಕು. ನಿಮ್ಮ ಪಂಚಾಯತಿ ಇದ್ದ ಜಾಗದಲ್ಲಿ ನಮಗೆ ಕಡಲಂಚು ಸಭೆ ಇದೆ. ದಡ ಕಾಯುವ ದುಡ್ಡು, ಅಂದರೆ ಮರಳು, ದಡದ ಮಣ್ಣು ಹಿಡಿದಿಡುವ ಕಾಂಡ್ಲಾ ಗಿಡದ ಸಸಿ, ದೋಣಿ, ಆಳು, ಎಲ್ಲವೂ ಅಲ್ಲಿಂದಲೇ. ಆದರೆ ಕಾನೂನಿನಲ್ಲಿ ಒಂದು ಮಾತಿದೆ: ಜನ ನಡೆಯದ ದಡಕ್ಕೆ ಜನರ ದುಡ್ಡಿಲ್ಲ. ನಿಮ್ಮ ಕಾಲದ ಕೊನೆಯಲ್ಲಿ ಊರವರ ದುಡ್ಡಿನಲ್ಲಿ ಕಲ್ಲು ಹಾಕಿ ಯಾರದೋ ಹೋಟೆಲಿನ ಅಂಗಳ ಉಳಿಸಿ, ಊರವರೇ ಕಡಲು ಕಾಣಲು ಕಾವಲುಗಾರನನ್ನು ಕೇಳಬೇಕಾಗಿ ಬಂತಂತೆ. ನಿಜವೇ? ಕಾವಲುಗಾರ ಏನೆಂದು ಕೇಳುತ್ತಿದ್ದ? ಕಡಲಿಗೆ ಹೋಗಲು ನಿಮಗೆ ಕಾರಣ ಹೇಳಬೇಕಿತ್ತೇ? ನನಗೆ ಇದು ತಿಳಿಯುವ ಕುತೂಹಲ ಬಹಳ. ಅಂತೂ ಕಡಲು ಒಳಬಂದ ಮೇಲೆ ಹಿರಿಯರು ಈ ಕಾನೂನು ಮಾಡಿದರು. ರಸ್ತೆಯಿಂದ ನೀರಿನವರೆಗೆ ಒಂದು ಸಾರ್ವಜನಿಕ ಹಾದಿ ಇರಬೇಕು, ಅದರಲ್ಲಿ ವರ್ಷಕ್ಕೊಮ್ಮೆಯಾದರೂ ಹೊರಗಿನ ಕಾಲು ನಡೆಯಬೇಕು. ಹೊರಗಿನ ಕಾಲು ಎಂದರೆ ಆ ವರ್ಷ ಆ ಊರಿನ ಅನ್ನ ಉಣ್ಣದವರ ಕಾಲು. ಉಂಡವರು ನೆಂಟರಾದರು, ನೆಂಟರು ಲೆಕ್ಕಕ್ಕಿಲ್ಲ. ನಡೆದ ಮೇಲೆ ಊರವರು ಕಾಲಿಗೆ ನೀರು ಕೊಟ್ಟು ಊಟ ಹಾಕುತ್ತಾರೆ. ಮೊದಲು ಕಾಲು, ಆಮೇಲೆ ಎಲೆ.

ಈ ನಡಿಗೆಯನ್ನು ಕಣ್ಣಾರೆ ನೋಡಿ ಸಭೆಗೆ ಹೇಳುವವನು ಹಾದಿಗಾರ. ತೆಂಕಕೋಡಿಯ ಹಾದಿಗಾರ ನಾನು. ನೀರಿಗೆ ಮೊದಲು ಇಳಿದದ್ದು ಬಲಗಾಲೋ ಎಡಗಾಲೋ ಎಂದೂ ನಾನು ಬರೆಯಬೇಕು. ಮನೆಯಲ್ಲೇ ಕೂತು ಬರೆಯುವ ಹಾದಿಗಾರರು ಕೆಲವರು ಇದ್ದುದರಿಂದ ಬಂದ ನಿಯಮ ಅದು. ನನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ ಲಿಂಗಸುಗೂರಿನ ಕಡೆಯ ಒಬ್ಬ ಯಜಮಾನರು ಜೋಳ ಕೊಟ್ಟು ಒಣಮೀನು ಒಯ್ಯಲು ಬಂದಿದ್ದರು. ಜೊತೆಗೆ ಮಗಳು. ಅಪ್ಪ ಮಂಡಿನೋವೆಂದು ಕೂತುಬಿಟ್ಟರು, ಮಗಳು ನಡೆದಳು. ನಾನು ಪಟ್ಟಿ ಹಿಡಿದು ಅವಳ ಪಾದವನ್ನೇ ನೋಡುತ್ತ ಹಿಂದೆ ಹೋದೆ. ಅವಳು ತಿರುಗಿ ನಿಂತು, "ಏನ್ರೀ, ನನ್ನ ಕಾಲಾಗ ಏನ ಹುಡುಕಾಕತ್ತೀರಿ?" ಎಂದಳು. ನಿಯಮ ಹೇಳಿದೆ. "ಎರಡೂ ಕಾಲು ಕೂಡೇ ಹಾರಿದ್ರ ಏನ ಬರೀತೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೀರೆ ಎತ್ತಿಕಟ್ಟಿ ಹಾರಿಯೇಬಿಟ್ಟಳು. ಹುಟ್ಟಿದಂದಿನಿಂದ ಕಡಲು ಕಂಡವಳಲ್ಲ! ನನಗೆ ಏನು ಬರೆಯುವುದೆಂದು ತಿಳಿಯಲಿಲ್ಲ. "ಎರಡೂ" ಎಂದು ಬರೆದೆ. ಸಭೆ ಕೂತಿತು. ಆಗಿನ ಕಾರ್ಯದರ್ಶಿ ಗಣಪಯ್ಯ ಖಾರ್ವಿಯವರು ಬಹಳ ಯೋಚಿಸಿ, "ಕಾಲ್ ಕಡ್ಮಿ ಆರೆ ತೊಂದ್ರಿ, ಹೆಚ್ಚಾರೆ ಎಂತ ತೊಂದ್ರಿ?" ಎಂದು ಒಪ್ಪಿಕೊಂಡರು. ಕಾಶವ್ವ ಆಮೇಲೆ ಉಂಡಳು, ಮುಂದೆ ನಲವತ್ತು ವರ್ಷ ಉಂಡಳು. ಕಗ್ಗದ ಅಕ್ಕಿಯ ಗಂಜಿ ಉಪ್ಪುಪ್ಪೆಂದು ಕೊನೆಯವರೆಗೂ ಬೈದಳು. ಉಪ್ಪುನೀರಿನಲ್ಲಿ ಬೆಳೆಯುವ ಅಕ್ಕಿ ಸಿಹಿಯಾಗುವುದು ಹೇಗೆ?

ಎಲ್ಲಿಗೆ ಬಂದೆ? ಹಾಂ, ಹಾದಿ.

ಈಚೆಗೆ ಎರಡು ಊರು ಆಚೆ ಸಭೆಯವರೇ ಒಂದು ತೇಲುಜಗಲಿ ಕಟ್ಟಿದ್ದಾರೆ. ನೀರು ಏರಿದಂತೆ ಏರುವ, ಇಳಿದಂತೆ ಇಳಿಯುವ ದೊಡ್ಡ ಹಲಗೆಯ ಅಂಗಳ ಅದು. ಗಾಲಿಕುರ್ಚಿಯವರೂ ಕಡಲಿನ ಮೇಲೆಯೇ ಕೂರಬಹುದು, ಒಳ್ಳೆಯದೇ. ಹೊರಗಿನ ಕಾಲೆಲ್ಲ ಅತ್ತ ಹೋಯಿತು. ನಮ್ಮ ಹಾದಿ ಕಾಂಡ್ಲಾದ ನಡುವೆ ಕೆಸರು ತುಳಿದು ಹೋಗುವಂಥದ್ದು, ಏಡಿ ಕಚ್ಚುತ್ತದೆ, ಯಾರು ಬರುತ್ತಾರೆ? ಈ ವರ್ಷ ಇಡೀ ಒಬ್ಬನೇ ಒಬ್ಬ ಬಂದ. ಬಾವಿಗಳ ಉಪ್ಪು ಅಳೆಯುವ ರಾಯಚೂರಿನ ಹುಡುಗ. ನಾನು ಮರಳಿನ ದೋಣಿಯಲ್ಲಿದ್ದೆ. ಸುದ್ದಿ ಕೇಳಿ ಓಡಿ ಬರುವಷ್ಟರಲ್ಲಿ ಅವನು ನೆರೆಮನೆಯ ಶೇಸಕ್ಕನ ಜಗಲಿಯಲ್ಲಿ ಏಡಿ ಸಾರಿನಲ್ಲಿ ಎರಡನೆಯ ಸಲ ಅನ್ನ ಕಲಸುತ್ತಿದ್ದ. ಮೊದಲು ನಡೆಸಬೇಕು ಎಂಬುದು ಶೇಸಕ್ಕನಿಗೆ ಗೊತ್ತಿಲ್ಲವೆಂದಲ್ಲ. "ಬಿಸ್ಲಂಗೆ ಬಂದ ಮಕ್ಕಳನ್ನ್ ಹಸ್ಕಂಡ್ ನಡಿ ಅಂಬುದಾ? ನಿಮ್ ಕಾನೂನಿಗೆ ಹೊಟ್ಟಿ ಇಲ್ಯಾ?" ಎಂದು ನನ್ನ ಮೇಲೆಯೇ ಏರಿ ಬಂದಳು. ಹುಡುಗ ಪಾಪ, ಉಂಡ ಮೇಲೆ ನಮ್ಮ ಹಾದಿಯಲ್ಲಿ ಎರಡು ಸಲ ನಡೆದ. ಲೆಕ್ಕಕ್ಕೆ ಬರಲಿಲ್ಲ.

ಅಮಾವಾಸ್ಯೆಗೆ ಇನ್ನು ಕೆಲವೇ ದಿನ. ಅಷ್ಟರಲ್ಲಿ ಹೊರಗಿನ ಕಾಲು ನಡೆಯದಿದ್ದರೆ ತೆಂಕಕೋಡಿಯ ಹಾದಿ ಸಭೆಯ ನಕ್ಷೆಯಿಂದ ಹೋಗುತ್ತದೆ. ಹಾದಿ ಹೋದರೆ ಮುಂದಿನ ಮಳೆಗಾಲದ ನಂತರ ನಮಗೆ ಮರಳಿಲ್ಲ, ಸಸಿಯಿಲ್ಲ. ಮರಳಿಲ್ಲದ ದಡ ಎರಡು ಮಳೆಗಾಲ ತಡೆಯಲಾರದು. ನಮ್ಮ ಹತ್ತಾರು ಮನೆಗಳವರನ್ನು ಮೇಲಿನ ಮುರಕಲ್ಲಿನ ಗುಡ್ಡಕ್ಕೆ ಏರಿಸುತ್ತಾರೆ. ಶೇಸಕ್ಕ ಗುಡ್ಡ ಹತ್ತುವುದಿಲ್ಲವೆಂದು ಈಗಲೇ ಹೇಳಿದ್ದಾಳೆ. ನಾನೂ ಹತ್ತಲಾರೆ. ಕಾಶವ್ವ ಹಾರಿದ ನೀರು ಅಲ್ಲಿಂದ ಕಾಣುವುದಿಲ್ಲ.

ನಿಮ್ಮ ನೆನಪಾದದ್ದು ಹೀಗೆ. ದೊಡ್ಡ ಇಳಿತದಂದು ನಮ್ಮ ಹಾದಿಯ ತುದಿಯಿಂದ ಇನ್ನೂ ಆಚೆ, ನೀರಿನೊಳಗಿಂದ ಕಪ್ಪು ಕಲ್ಲಿನ ಒಂದು ಸಾಲು ತಲೆ ಎತ್ತುತ್ತದೆ. ಅದು ನಿಮ್ಮ ಗೋಡೆ. ಆ ಬೀಯಿಂಗ್ ಬಿಲ್ಟ್ ಗೋಡೆ! ಮೈತುಂಬ ಚಿಪ್ಪು, ಅರ್ಧ ಮರಳಿನಲ್ಲಿ ಹೂತಿದೆ. ನಮ್ಮ ಹಾದಿಯನ್ನು ನೇರ ಎಳೆದರೆ ಅದಕ್ಕೇ ಹೋಗಿ ಮುಟ್ಟುತ್ತದೆ. ಅಂದಮೇಲೆ ಇದೇ ಹಾದಿಯಲ್ಲಿ ನೀವೂ ನಡೆದಿರಬೇಕಲ್ಲ? ಆ ನಡಿಗೆಯನ್ನೇ ಈ ವರ್ಷದ ಹೊರಗಿನ ಕಾಲೆಂದು ಬರೆಯಬಹುದೇ ಎಂದು ಕೇಳಲು ನಾನು ಈಗಿನ ಕಾರ್ಯದರ್ಶಿ ಸುಪ್ರಭಾಳ ಹತ್ತಿರ ಹೋದೆ. ಗಣಪಯ್ಯನವರ ಮೊಮ್ಮಗಳು, ನಿಯಮದಲ್ಲಿ ಅಜ್ಜನಿಗಿಂತ ಬಿಗಿ.

"ಎಂತ ಹೇಳ್ತ್ರಿ ವಾಮನಣ್ಣ! ಸತ್ತವ್ರ ಕಾಲ್ ಲೆಕ್ಕಕ್ಕ್ ಬತ್ತಾ?" ಎಂದಳು.

"ಸತ್ತವ್ರ ಕಾಲಲ್ಲ ಹೆಣೆ, ಬದ್ಕಿದ್ದಾಗ ನಡೆದದ್ದ್. ಅವ್ರ್ ಈ ವರ್ಷ ಇಲ್ಲ್ ಉಂಡಿರಾ? ಇಲ್ಲ. ಮತ್ತೆ ಹೊರಗಿನವ್ರ್ ಅಲ್ದಾ?"

"ನಡೂದು ಈ ವರ್ಷವೇ ಆಯ್ಕ್."

"ಕಾಗ್ದ ಬರ್ದ್ ನಾ ಕರೂದು ಈ ವರ್ಷ. ಕರೆ ಈ ವರ್ಷದ್ದ್ ಆರೆ ಸಾಕಲ್ದಾ?"

ಸುಪ್ರಭಾ ಚಿಕ್ಕಂದಿನಲ್ಲಿ ಕಾಶವ್ವನ ಕೈಯ ರೊಟ್ಟಿ ತಿಂದವಳು. ಕೊನೆಗೆ, "ಗೋಡೆ ಮಧ್ಯ ಕಂಡಿ ಇದ್ದ್, ಅದ್ರಂಗೆ ಮೆಟ್ಲ್ ಇದ್ರೆ ನಾ ಬರ್ಕಂತೆ. ಮೆಟ್ಲ್ ಇದ್ದಲ್ಲ್ ಯಾರೋ ನಡೆದೇ ನಡೆದಿರ್ತ್ರ್. ಬರೀ ಕಲ್ಲ್ ರಾಶಿ ಆರೆ ಇಲ್ಲ. ಬರೀ ಕಲ್ಲ್ ಅಂದ್ರೆ ಅವ್ರಿಗೂ ಹಾದಿ ಬೇಡ ಇತ್ತ್ ಅಂದೇ ಅರ್ಥ" ಎಂದಳು. ಅಷ್ಟು ಸಡಿಲ ಬಿಟ್ಟದ್ದೇ ಅವಳ ಮಟ್ಟಿಗೆ ದೊಡ್ಡದು.

ಗೋಡೆಯ ಮಧ್ಯಭಾಗ ಮರಳಿನ ಅಡಿಯಲ್ಲಿದೆ. ಅಲ್ಲಿ ಕಂಡಿ ಇದೆಯೋ ಇಲ್ಲವೋ ಯಾರೂ ಕಂಡವರಿಲ್ಲ. ಅಮಾವಾಸ್ಯೆಯಂದು ನೀರು ಇಳಿದ ಸ್ವಲ್ಪ ಹೊತ್ತಿನಲ್ಲಿ ನಾನೂ ಶೇಸಕ್ಕನೂ ಹಾರೆ ಹಿಡಿದು ಹೋಗಿ ತೋಡಿ ನೋಡುವವರು. ಸುಪ್ರಭಾ ಬಂದು ನಿಲ್ಲುತ್ತೇನೆಂದಿದ್ದಾಳೆ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ನಿಮ್ಮ ಪಂಚಾಯತಿಗೆ ಕಡಲ್ಕೊರೆತದ ದುಡ್ಡು ಬಂದಿರಬಹುದು. ಮಳೆ ಸುರಿಯುವಾಗಲೇ ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಿರಬಹುದು. ಸುರಿಯಲಿ, ಮನೆಗಳು ಉಳಿಯಬೇಕಲ್ಲ. ಆದರೆ ಸಭೆಯಲ್ಲಿ ನೀವು ಎದ್ದು ನಿಂತು ಒಂದು ಮಾತು ಕೇಳಿ: ಜನ ಹೋಗುವುದು ಎಲ್ಲಿಂದ? ಖರ್ಚಿನ ಅಂದಾಜಿನಲ್ಲಿ ಕಲ್ಲಿಗೆ ಇದೆ, ಲಾರಿಗೆ ಇದೆ, ಮೆಟ್ಟಿಲಿಗೆ ಎಲ್ಲಿದೆ? ಮೀನಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಎದುರುಬದುರು ಬಂದರೆ ಒಬ್ಬರಿಗೊಬ್ಬರು ತಾಗದಷ್ಟು ಅಗಲದ ಕಂಡಿ ಸಾಕು. ಇಂಜಿನಿಯರು ಕಂಡಿ ಬಿಟ್ಟರೆ ನೀರು ನುಗ್ಗುತ್ತದೆ ಎನ್ನಬಹುದು. ಓರೆಯಾಗಿ ಬಿಡಿ ಎನ್ನಿ, ಅಲೆ ನೇರ ಬರುತ್ತದೆ, ಮನುಷ್ಯ ಓರೆಯಾಗಿಯೂ ನಡೆದಾನು. ಅವರು ಏನೆಂದರು, ಯಾರು ನಕ್ಕರು, ಚಹಾದ ಜೊತೆ ಏನು ಕೊಟ್ಟರು, ಇದೆಲ್ಲ ತಿಳಿಯಲು ನನಗೆ ಆಸೆ. ತಿಳಿಯುವ ದಾರಿಯಿಲ್ಲ. ಕಂಡಿ ಮಾತ್ರ ತಿಳಿಯುತ್ತದೆ.

ನೀವು ಸದಸ್ಯರಲ್ಲದಿದ್ದರೂ, ತೆಂಕಕೋಡಿಯ ಹೆಸರೇ ಕೇಳದವರಾದರೂ ಅಡ್ಡಿಯಿಲ್ಲ. ನಿಮ್ಮ ಹತ್ತಿರದ ದಡದಲ್ಲಿ ಕೇಳಿ. ಎಲ್ಲೋ ಒಂದು ಕಡೆ ನನ್ನಂಥ ಒಬ್ಬ ಹಾದಿಗಾರ ಹಾರೆ ಹಿಡಿದು ನಿಂತಿರುತ್ತಾನೆ.

ಮತ್ತೆ, ಮೆಟ್ಟಿಲು ಕಟ್ಟಿಸಿ ಮನೆಗೆ ಹೋಗಿಬಿಡಬೇಡಿ. ಚಪ್ಪಲಿ ಕಳಚಿ ಒಮ್ಮೆ ನಡೆಯಿರಿ, ಊಟಕ್ಕೆ ಮೊದಲು. ಶೇಸಕ್ಕ ಅಮಾವಾಸ್ಯೆಯಂದು ನಿಮಗೂ ಒಂದು ಎಲೆ ಹಾಕುವವಳೇ. ಬಾರದವರಿಗೆ ಯಾಕೆ ಎಂದರೆ, "ಬಪ್ಪುಕಾತಿಲ್ಲ ಅಂದ್ರೆ ಹಸಿವಾತಿಲ್ಯಾ?" ಎನ್ನುತ್ತಾಳೆ. ನೀರಿನ ಅಂಚಿಗೆ ಬಂದಾಗ ಬಲಗಾಲು ಮೊದಲೋ ಎಡಗಾಲು ಮೊದಲೋ ಎಂದು ಚಿಂತಿಸುತ್ತ ನಿಲ್ಲಬೇಡಿ. ಎರಡೂ ಕೂಡಿಸಿ ಹಾರಿ. ಏನು ಬರೆಯಬೇಕೆಂದು ನನಗೆ ಗೊತ್ತಿದೆ.

ಇಳಿತ ಶುರುವಾಯಿತು, ಟಪಾಲಿನವನು ಕರೆಯುತ್ತಿದ್ದಾನೆ.

ವಾಮನ ಮರಕಾಲ,
ಹಾದಿಗಾರ, ತೆಂಕಕೋಡಿ